ಮತದ ಹಕ್ಕಿಲ್ಲದ ಸಂವಿಧಾನ ಸಲಹೆಗಾರ ಬಿ.ಎನ್. ರಾವ್

ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗ ರಾವ್ ಅವರು ಸಂವಿಧಾನ ಸಭೆಯ ಸದಸ್ಯರಾಗಿರಲಿಲ್ಲ. ಅಲ್ಲಿ ಅವರ ಸಹೋದರ, ಪತ್ರಕರ್ತ ಬಿ. ಶಿವರಾವ್ ಅವರಿಗೆ ಮತದ ಹಕ್ಕಿತ್ತು. ನರಸಿಂಗ ರಾಯರಿಗೆ ಇರಲಿಲ್ಲ.

1887ರ ಫೆಬ್ರುವರಿ 26ರಂದು ಮಂಗಳೂರಿನ ವೈದ್ಯರೊಬ್ಬರ ಮಗನಾಗಿ ಜನಿಸಿದ ರಾಯರು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1910ರಲ್ಲಿ ಐಸಿಎಸ್ ಅಧಿಕಾರಿಯಾಗಿ ಬಂಗಾಳದಲ್ಲಿ ಸೇವೆ ಆರಂಭಿಸಿದರು. ಅವರ ಮುಂದಿನ ಹಾದಿಯನ್ನು ನಿರ್ಧರಿಸಿದ್ದು ಅಸ್ಸಾಂ. 1925ರಿಂದ ಸುಮಾರು ಎಂಟು ವರ್ಷ ಅವರು ಅಲ್ಲಿನ ಸರ್ಕಾರದ ಕಾನೂನು ಅಧಿಕಾರಿಯೂ ಪ್ರಾಂತೀಯ ಶಾಸನ ಪರಿಷತ್ತಿನ ಕಾರ್ಯದರ್ಶಿಯೂ ಆಗಿದ್ದರು. ಜನಪ್ರತಿನಿಧಿಗಳ ಆಶಯಕ್ಕೆ ಕಾನೂನಿನ ಭಾಷೆ ನೀಡುವ ಕೆಲಸದಲ್ಲಿ ಅಲ್ಲಿ ಪಳಗಿದರು.

1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ಹಳೆಯ ಕಾನೂನುಗಳನ್ನು ಅದಕ್ಕೆ ಹೊಂದಿಸುವ ಹೊಣೆ ಅವರದಾಯಿತು. ನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ, ಹಿಂದೂ ಕಾನೂನು ಸಮಿತಿಯ ಅಧ್ಯಕ್ಷ, 1944ರಲ್ಲಿ ಜಮ್ಮು-ಕಾಶ್ಮೀರದ ಪ್ರಧಾನಿ. ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ತಲೆದೋರಿ ಮರುವರ್ಷವೇ ಆ ಹುದ್ದೆಯನ್ನು ತೊರೆದರು.

1946ರಲ್ಲಿ ಸಂವಿಧಾನ ಸಲಹೆಗಾರರಾಗಿ ನೇಮಕಗೊಂಡ ರಾಯರು 1947ರ ಅಕ್ಟೋಬರ್ ವೇಳೆಗೆ 243 ವಿಧಿಗಳು, 13 ಅನುಸೂಚಿಗಳ ಕರಡನ್ನು ಮುಂದಿಟ್ಟರು. ಡಾ. ಬಿ.ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಪರಿಶೀಲಿಸಿ, ಗಣನೀಯವಾಗಿ ತಿದ್ದಿ, ಸಭೆಯಲ್ಲಿ ಸಮರ್ಥಿಸಿತು. ಅಂತಿಮ ಸಂವಿಧಾನದಲ್ಲಿ 395 ವಿಧಿಗಳು, 8 ಅನುಸೂಚಿಗಳಿದ್ದವು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ರಾಯರ ಪಾಲನ್ನು ಮುಕ್ತವಾಗಿ ಸ್ಮರಿಸಿದರು.

ಅವರ ಸಲಹೆಗಳೆಲ್ಲವೂ ವಿವಾದಾತೀತವಾಗಿರಲಿಲ್ಲ. ಅಮೆರಿಕದಲ್ಲಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಭೇಟಿಯಾದ ರಾಯರಿಗೆ, ಶಾಸನಸಭೆಯ ಕಾನೂನುಗಳನ್ನು ರದ್ದುಪಡಿಸಲು ನ್ಯಾಯಾಲಯಗಳಿಗೆ ಅತಿಯಾದ ಅವಕಾಶ ಸಿಗಬಾರದು ಎಂಬ ಅಭಿಪ್ರಾಯ ದೃಢವಾಯಿತು. ವ್ಯಕ್ತಿ ಸ್ವಾತಂತ್ರ್ಯದ 21ನೇ ವಿಧಿಯಲ್ಲಿ ಅಮೆರಿಕದ ಮಾದರಿಯ ಪದಗಳ ಬದಲು, ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬ ಪದಗಳು ಸೇರಿದವು. ಇದರಿಂದ ನಾಗರಿಕನ ರಕ್ಷಣೆ ದುರ್ಬಲವಾಗುತ್ತದೆಂದು ಹಲವು ಸದಸ್ಯರು ಟೀಕಿಸಿದರು. ಆ ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ ಸಾರಿದ್ದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ.

ಬಳಿಕ ವಿಶ್ವಸಂಸ್ಥೆಯಲ್ಲಿ ಭಾರತವನ್ನು ಪ್ರತಿನಿಧಿಸಿದ ರಾಯರು, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. 1952ರಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜ್ಯೂರಿಚ್‌ನಲ್ಲಿ ನಿಧನರಾದರು.

ಚುನಾವಣೆಗೆ ನಿಲ್ಲದೆ, ಪಕ್ಷ ಸೇರದೆ, ಕರಡು ಬರೆದು ನಿರ್ಧಾರವನ್ನು ಸಭೆಗೇ ಬಿಟ್ಟುಕೊಟ್ಟ ಅಧಿಕಾರಿ ಅವರು.