ಅರ್ನೆಸ್ಟ್ ಲೆಸ್ಲಿ ರ‍್ಯಾನ್ಸಮ್

ಇಂಗ್ಲೆಂಡಿನಲ್ಲಿ ಜನಿಸಿದ ಶ್ರೀ ರ‍್ಯಾನ್ಸಮ್ ಅವರು ಕೃತಕ ಶಿಲೆ ತಯಾರಿಕೆಯಲ್ಲಿ ಹೆಸರಾಗಿದ್ದ ಫ್ರೆಡರಿಕ್ ರ‍್ಯಾನ್ಸಮ್ ಅವರ ಪುತ್ರರು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಅವರ ಕಾರ್ಯಕ್ಷೇತ್ರವಾಯಿತು.

ಭಾರ ಹೆಚ್ಚಿದಾಗ ನಯವಾದ ಕಬ್ಬಿಣದ ಸರಳು ಕಾಂಕ್ರೀಟಿನೊಳಗೆ ಜಾರುತ್ತದೆ. ಇದನ್ನು ತಡೆಯಲು ಅವರು ಚೌಕಾಕಾರದ ಸರಳನ್ನು ತಿರುಚಿ ಬಳಸುವ ವಿಧಾನಕ್ಕೆ 1884ರಲ್ಲಿ ಪೇಟೆಂಟ್ ಪಡೆದರು. 1889ರಲ್ಲಿ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಅವರು ನಿರ್ಮಿಸಿದ ಆಲ್ವರ್ಡ್ ಲೇಕ್ ಸೇತುವೆಯು 1906ರ ಭೂಕಂಪವನ್ನು ತಡೆದು ನಿಂತಿತು. ಅವರು 1917ರಲ್ಲಿ ನಿಧನರಾದರು.

ಮೈಮೇಲೆ ಏಣುಗಳಿರುವ ಇಂದಿನ ಉಕ್ಕಿನ ಸರಳುಗಳು ಇದೇ ತತ್ತ್ವವನ್ನು ಆಧರಿಸಿವೆ. ಇವುಗಳಿಗೆ ನಯವಾದ ಸರಳುಗಳಿಗಿಂತ ಶೇ. 60ರಷ್ಟು ಹೆಚ್ಚಿನ ಬಂಧ ಒತ್ತಡವನ್ನು ಭಾರತೀಯ ಮಾನಕ ಐ.ಎಸ್. 456:2000 ನಿಗದಿಪಡಿಸಿತು. ಕಾಂಕ್ರೀಟಿನ ದರ್ಜೆ ಏರಿದಂತೆ ಹಿಡಿತವೂ ಹೆಚ್ಚುತ್ತದೆ. ಮನೆ ನಿರ್ಮಿಸುವ ನಾಗರಿಕರು ಸರಳುಗಳ ಮೇಲೆ ಎಣ್ಣೆ, ಮಣ್ಣು, ಸಡಿಲ ತುಕ್ಕು ಇರದಂತೆ ನೋಡಿಕೊಳ್ಳತಕ್ಕದ್ದು.