ಎರಡು ಸಾಮ್ರಾಜ್ಯಗಳ ನಡುವಣ ಅಮೀರ
ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದಿಂದ ರಷ್ಯಾ, ದಕ್ಷಿಣದಿಂದ ಬ್ರಿಟಿಷ್ ಭಾರತ ಅಫ್ಘಾನಿಸ್ತಾನದ ಮೇಲೆ ಕಣ್ಣಿಟ್ಟಿದ್ದವು. ರಷ್ಯಾದ ಆಶ್ರಯದಲ್ಲಿ ಸುಮಾರು 11 ವರ್ಷ ಕಳೆದ ಅಬ್ದುರ್ ರಹಮಾನ್ ಖಾನ್, 1880ರಲ್ಲಿ ಬ್ರಿಟಿಷರ ಮನ್ನಣೆಯಿಂದ ಕಾಬೂಲಿನ ಅಮೀರನಾದನು. ವಿದೇಶ ವ್ಯವಹಾರವನ್ನು ಅವರಿಗೊಪ್ಪಿಸಿ, 1883ರಿಂದ ವರ್ಷಕ್ಕೆ 12 ಲಕ್ಷ ರೂಪಾಯಿ ಪಡೆದನು. ಆದರೆ ಅವರ ಪಡೆ ತನ್ನ ನಾಡಿನಲ್ಲಿ ನೆಲೆಯೂರದಂತೆ ನೋಡಿಕೊಂಡನು. 1885ರಲ್ಲಿ ರಷ್ಯಾ ಪಂಜ್‌ದೇಹವನ್ನು ಕಸಿದುಕೊಂಡಾಗಲೂ ತನ್ನ ನೆಲವನ್ನು ರಣರಂಗವಾಗಿಸಲಿಲ್ಲ. ಬಂಡೆದ್ದ ಹಜಾರಾ ಜನರನ್ನು ಮಾತ್ರ ನಿರ್ದಯವಾಗಿ ತುಳಿದನು.

1893ರಲ್ಲಿ ಮಾರ್ಟಿಮರ್ ಡ್ಯೂರಾಂಡ್‌ನೊಡನೆ ಒಪ್ಪಿದ ಗಡಿರೇಖೆ ಪಶ್ತೋ ನುಡಿಯುವ ಜನರನ್ನು ಇಬ್ಭಾಗಿಸಿತು. ಸಹಾಯಧನ 18 ಲಕ್ಷಕ್ಕೇರಿತು. 1901ರಲ್ಲಿ ಅಮೀರನು ತೀರಿಕೊಂಡನು. ರಾಜ್ಯ ಉಳಿಯಿತು, ಜನ ಹಂಚಿಹೋದರು.

ನಮ್ಮದು ಒಂದೇ ದೇಶದೊಳಗಿನ ಗೆರೆ. ಆದರೂ ಗಡಿಯಾಚೆ ಕನ್ನಡ ಶಾಲೆಗಳನ್ನು ಉಳಿಸಿಕೊಳ್ಳುತ್ತಿರುವ ನಮಗೆ, ಗೆರೆ ಎಳೆದವರು ಹೋದ ಮೇಲೂ ಅದರೊಡನೆ ಬಾಳಬೇಕಾದವರು ಯಾರೆಂಬುದು ತಿಳಿದಿದೆ.