ನಿಸ್ತಂತು ಸಂದೇಶದ ಸಾಹಸಿ ಮಾರ್ಕೋನಿ

ಸುಮಾರು ನೂರಮೂವತ್ತು ವರ್ಷಗಳ ಹಿಂದೆ ಹಡಗೊಂದು ಬಂದರು ಬಿಟ್ಟು ಕಣ್ಮರೆಯಾಯಿತೆಂದರೆ ಅದರೊಡನೆ ಮಾತು ಮುಗಿದಂತೆಯೇ. ನೆಲದ ಮೇಲೆ ಊರಿಂದ ಊರಿಗೆ ತಂತಿಯ ಸುದ್ದಿ ನಿಮಿಷಗಳಲ್ಲಿ ತಲಪುತ್ತಿತ್ತು. ಸಮುದ್ರದ ತಳದಲ್ಲಿ ಹಾಸಿದ ಕೇಬಲಿನ ಮೂಲಕ ಖಂಡದಿಂದ ಖಂಡಕ್ಕೂ ಹೋಗುತ್ತಿತ್ತು. ಆದರೆ ಚಲಿಸುವ ಹಡಗಿಗೆ ತಂತಿ ಕಟ್ಟುವುದೆಂತು? ಸರಕು ಎಲ್ಲಿದೆಯೆಂದು ಹಡಗಿನ ಒಡೆಯನಿಗೆ ತಿಳಿಯದು. ಗಂಡ ಬದುಕಿರುವನೋ ಇಲ್ಲವೋ ಎಂದು ನಾವಿಕನ ಹೆಂಡತಿಗೆ ತಿಳಿಯದು. ಈ ಕೊರತೆಯನ್ನು ನೀಗಿಸಲು ಬಾಳನ್ನೇ ಮುಡಿಪಾಗಿಟ್ಟವನು ಗುಲ್ಯೆಲ್ಮೊ ಮಾರ್ಕೋನಿ.

ಮಾರ್ಕೋನಿಯು 1874ನೆಯ ಇಸವಿ ಏಪ್ರಿಲ್ 25ರಂದು ಇಟಲಿಯ ಬೊಲೊನ್ಯಾ ನಗರದಲ್ಲಿ ಜನಿಸಿದನು. ತಂದೆ ಜುಸೆಪ್ಪೆ ಜಮೀನುದಾರ. ತಾಯಿ ಆ್ಯನಿ ಐರ್ಲೆಂಡಿನವಳು. ಬಾಲಕನು ವಿಶ್ವವಿದ್ಯಾಲಯದ ಪದವಿ ಪಡೆದವನಲ್ಲ. ಮನೆಪಾಠ, ಸ್ವಂತ ಓದು ಮತ್ತು ಪ್ರಯೋಗಗಳೇ ಅವನ ವಿದ್ಯೆ. ವಿದ್ಯುತ್ ಕಿಡಿಯಿಂದ ಕಣ್ಣಿಗೆ ಕಾಣದ ಅಲೆಗಳು ಹೊರಡುತ್ತವೆಂಬುದನ್ನು ಜರ್ಮನಿಯ ಹರ್ಟ್ಸ್ ಪ್ರಯೋಗದಿಂದ ತೋರಿಸಿದ್ದನು. ಅದನ್ನು ಓದಿದ ಮಾರ್ಕೋನಿಗೆ ಆ ಅಲೆಗಳ ಮೇಲೆ ಸುದ್ದಿಯನ್ನೇರಿಸಿ ಕಳುಹಿಸುವ ಹಂಬಲ ಹುಟ್ಟಿತು.

ತಂದೆಯ ಹಳ್ಳಿಮನೆಯ ಅಟ್ಟವೇ ಅವನ ಪ್ರಯೋಗಶಾಲೆಯಾಯಿತು. ಲೋಹದ ಪುಡಿ ತುಂಬಿದ ಗಾಜಿನ ಕೊಳವೆಗೆ ಅಲೆ ತಗಲಿದರೆ ಪುಡಿ ಒಂದಕ್ಕೊಂದು ಅಂಟಿಕೊಂಡು ವಿದ್ಯುತ್ತು ಹರಿಯುತ್ತದೆ, ಗಂಟೆ ಬಾರಿಸುತ್ತದೆ. ಈ ಕೊಳವೆಯನ್ನು ಇತರರು ಮೊದಲೇ ಕಂಡುಹಿಡಿದಿದ್ದರು. ಮಾರ್ಕೋನಿ ಅದನ್ನು ಸುಧಾರಿಸಿ, ಒಂದು ತಂತಿಯನ್ನು ಎತ್ತರಕ್ಕೇರಿಸಿ ಇನ್ನೊಂದನ್ನು ಭೂಮಿಗೆ ಜೋಡಿಸಿದನು. 1895ರಲ್ಲಿ ಸಂದೇಶವು ಗುಡ್ಡವನ್ನು ದಾಟಿ ಆಚೆ ತಲಪಿತು. ತಲಪಿತೆಂದು ತಿಳಿಸಲು ಅಣ್ಣ ಅಲ್ಫೋನ್ಸೊ ಗುಡ್ಡದಾಚೆಯಿಂದ ಕೋವಿ ಹಾರಿಸಿದನಂತೆ. ಆಗ ಮಾರ್ಕೋನಿಗೆ ಇಪ್ಪತ್ತೊಂದು ವರ್ಷ.

ಇದೇ 1895ರಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥ ಅಲೆಗಳನ್ನು ಗೋಡೆಯಾಚೆಗೆ ಕಳುಹಿಸಿ, ಗಂಟೆ ಬಾರಿಸಿ, ಮದ್ದು ಸಿಡಿಸಿ ತೋರಿಸಿದ್ದರೆಂಬುದನ್ನು ನಾವು ಮರೆಯಬಾರದು. ಬೋಸರಿಗೆ ಅದರಿಂದ ಹಣ ಗಳಿಸುವ ಆಸೆಯಿರಲಿಲ್ಲ. ಮಾರ್ಕೋನಿಯಾದರೋ ವಿಜ್ಞಾನಿ ಮಾತ್ರವಲ್ಲ, ವ್ಯಾಪಾರಿಯೂ ಹೌದು. 1896ರಲ್ಲಿ ತಾಯಿಯೊಡನೆ ಇಂಗ್ಲೆಂಡಿಗೆ ಹೋಗಿ ಪೇಟೆಂಟಿಗೆ ಅರ್ಜಿ ಹಾಕಿದನು. ಮರುವರ್ಷ ಕಂಪೆನಿಯೊಂದನ್ನು ಸ್ಥಾಪಿಸಿದನು.

ಅವನ ಗಿರಾಕಿಗಳು ಯಾರು? ತಂತಿ ತಲಪದ ಕಡೆ ದುಡಿಯುವವರು. 1898ರಲ್ಲಿ ಡಬ್ಲಿನ್ನಿನ ಪತ್ರಿಕೆಯೊಂದಕ್ಕಾಗಿ ದೋಣಿ ಪಂದ್ಯದ ವರದಿಯನ್ನು ಚಲಿಸುವ ಹಡಗಿನಿಂದಲೇ ಕಳುಹಿಸಿದನು. ಅದೇ ವರ್ಷ, ಮರಳದಿಣ್ಣೆಯ ಎಚ್ಚರಿಕೆಗಾಗಿ ಸಮುದ್ರದಲ್ಲಿ ಲಂಗರು ಹಾಕಿ ನಿಲ್ಲಿಸಿದ್ದ ದೀಪದ ಹಡಗೊಂದಕ್ಕೆ ತನ್ನ ಯಂತ್ರವನ್ನು ಜೋಡಿಸಿದನು. 1899ರ ಏಪ್ರಿಲಿನಲ್ಲಿ ಬೇರೊಂದು ಹಡಗು ಬಂದು ಅದಕ್ಕೆ ಡಿಕ್ಕಿ ಹೊಡೆದಾಗ ಅದರಲ್ಲಿದ್ದವರು ನಿಸ್ತಂತುವಿನಿಂದಲೇ ದಡಕ್ಕೆ ಸುದ್ದಿ ಕೊಟ್ಟು ನೆರವು ಬೇಡಿದರು. 1901ರಲ್ಲಿ ಒಂದು ಉಗಿಬಂಡಿಯ ಮೇಲೂ ಯಂತ್ರವನ್ನಿಟ್ಟು ನೆಲದ ಮೇಲೆ ಓಡಾಡಿಸಿ ನೋಡಿದನು. ಆ ವರ್ಷದ ಡಿಸೆಂಬರ್ 12ರಂದು ಇಂಗ್ಲೆಂಡಿನಿಂದ ಹೊರಟ ಮೂರು ಚುಕ್ಕಿಗಳ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆಯ ನ್ಯೂಫೌಂಡ್‌ಲೆಂಡಿನಲ್ಲಿ, ಗಾಳಿಪಟಕ್ಕೆ ಕಟ್ಟಿದ ತಂತಿಯ ಸಹಾಯದಿಂದ ಕೇಳಿದೆನೆಂದು ಸಾರಿದನು. ಕೆಲವರು ಸಂಶಯಪಟ್ಟರೂ ಮುಂದಿನ ಪ್ರಯೋಗಗಳು ಅವನ ದಾರಿ ಸರಿಯೆಂದು ತೋರಿಸಿದವು. 1909ರಲ್ಲಿ ಜರ್ಮನಿಯ ಬ್ರೌನನೊಡನೆ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಮಾರ್ಕೋನಿ ಕಂಪೆನಿಯ ವ್ಯಾಪಾರಕ್ರಮ ಮಾತ್ರ ಬಿಗಿಯಾಗಿತ್ತು. ಯಂತ್ರ ಕಂಪೆನಿಯದು, ಹಡಗಿನಲ್ಲಿ ಅದನ್ನು ನಡೆಸುವ ಆಪರೇಟರನೂ ಕಂಪೆನಿಯ ನೌಕರ. ಬೇರೆ ಕಂಪೆನಿಯ ಯಂತ್ರವಿರುವ ಹಡಗಿನೊಡನೆ ಸಾಮಾನ್ಯ ಸಂದೇಶಗಳನ್ನು ವಿನಿಮಯ ಮಾಡಬಾರದೆಂಬ ನಿಯಮವಿತ್ತು. ಒಂದೇ ಕಡಲಿನಲ್ಲಿ ತೇಲುವವರು ಪರಸ್ಪರ ಮಾತಾಡಬಾರದೆಂದರೆ ಹೇಗೆ? 1906ರಲ್ಲಿ ಬರ್ಲಿನ್ನಿನಲ್ಲಿ ಕೂಡಿದ ರಾಷ್ಟ್ರಗಳು ಈ ಅಡ್ಡಗೋಡೆಯನ್ನು ಕೆಡವಲು ಒಪ್ಪಂದ ಮಾಡಿದವು.

1909ರ ಜನವರಿಯಲ್ಲಿ ಅಮೆರಿಕದ ಕಡಲಿನಲ್ಲಿ ರಿಪಬ್ಲಿಕ್ ಎಂಬ ಹಡಗು ಮಂಜಿನಲ್ಲಿ ಇನ್ನೊಂದು ಹಡಗಿನೊಡನೆ ಡಿಕ್ಕಿಯಾಯಿತು. ಆಪರೇಟರ್ ಜ್ಯಾಕ್ ಬಿನ್ಸ್ ಮುರಿದ ಕೋಣೆಯಲ್ಲಿ ಚಳಿಯಲ್ಲಿ ಕುಳಿತು ಗಂಟೆಗಟ್ಟಲೆ ಸಂದೇಶ ಕಳುಹಿಸಿದನು. ಡಿಕ್ಕಿಯಲ್ಲೇ ಮಡಿದ ಕೆಲವರ ಹೊರತು ಎರಡೂ ಹಡಗುಗಳ ಸುಮಾರು 1,500 ಮಂದಿ ಬದುಕಿದರು.

ಆದರೆ 1912ರ ಏಪ್ರಿಲ್ 14ರ ರಾತ್ರಿ ಬೇರೊಂದು ಪಾಠ ಕಲಿಸಿತು. ಟೈಟಾನಿಕ್ ಹಡಗಿನ ಆಪರೇಟರ್ ಜ್ಯಾಕ್ ಫಿಲಿಪ್ಸನ ಮೇಜಿನ ಮೇಲೆ ಪ್ರಯಾಣಿಕರ ಖಾಸಗಿ ಸಂದೇಶಗಳು ರಾಶಿ ಬಿದ್ದಿದ್ದವು. ಅವನ್ನು ಕಳುಹಿಸುವ ಅವಸರದಲ್ಲಿ, ಹಿಮಗಡ್ಡೆಗಳಿವೆಯೆಂದು ಹತ್ತಿರದ ಕ್ಯಾಲಿಫೋರ್ನಿಯನ್ ಹಡಗು ಹೇಳಹೊರಟ ಮಾತನ್ನು ಅವನು ತಡೆದನು. ಆ ಹಡಗಿನಲ್ಲಿದ್ದುದು ಒಬ್ಬನೇ ಆಪರೇಟರ್. ದಿನವಿಡೀ ದುಡಿದ ಅವನು ಯಂತ್ರ ನಿಲ್ಲಿಸಿ ಮಲಗಿದನು. ಸ್ವಲ್ಪ ಹೊತ್ತಿನಲ್ಲೇ ಟೈಟಾನಿಕ್ ಹಿಮಗಡ್ಡೆಗೆ ಬಡಿಯಿತು. ಅದರ ಕೂಗನ್ನು ಹತ್ತಿರದವನು ಕೇಳಲಿಲ್ಲ. ದೂರದ ಕಾರ್ಪೇಥಿಯಾ ಕೇಳಿ ಧಾವಿಸಿ ಏಳುನೂರಕ್ಕೂ ಮಿಕ್ಕಿದ ಜನರನ್ನು ಕಾಪಾಡಿತು. ಸುಮಾರು 1,500 ಮಂದಿ ಸತ್ತರು. ಕೊನೆಯವರೆಗೂ ಸಂದೇಶ ಕಳುಹಿಸುತ್ತಲೇ ಇದ್ದ ಫಿಲಿಪ್ಸನೂ ಅವರಲ್ಲೊಬ್ಬನಾದನು. ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಹಗಲಿರುಳೂ ಒಬ್ಬರು ಕಿವಿಗೊಟ್ಟು ಕುಳಿತಿರಬೇಕೆಂಬ ನಿಯಮಗಳು ಆಮೇಲೆ ಬಂದವು.

ಮಾರ್ಕೋನಿ ಅದೇ ವರ್ಷ ಕಾರು ಅಪಘಾತದಲ್ಲಿ ಬಲಗಣ್ಣನ್ನು ಕಳೆದುಕೊಂಡನು. ಆದರೂ ಸುಮ್ಮನೆ ಕೂರಲಿಲ್ಲ. ಎಲೆಟ್ರಾ ಎಂಬ ಹಡಗನ್ನೇ ಪ್ರಯೋಗಶಾಲೆಯಾಗಿಸಿಕೊಂಡು ಹ್ರಸ್ವ ತರಂಗಗಳ ಸಂಶೋಧನೆ ನಡೆಸಿದನು. 1923ರಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದ್ದು ಅವನ ಬಾಳಿನ ಕಪ್ಪು ಚುಕ್ಕೆ. 1937ರ ಜುಲೈ 20ರಂದು ರೋಮಿನಲ್ಲಿ ಅವನು ತೀರಿಕೊಂಡಾಗ ಅನೇಕ ದೇಶಗಳ ನಿಸ್ತಂತು ಕೇಂದ್ರಗಳು ಎರಡು ನಿಮಿಷ ಮೌನ ತಾಳಿದವು. ಬೋಸರೂ ಕಾಲವಾದುದು ಅದೇ ವರ್ಷದ ನವೆಂಬರಿನಲ್ಲಿ.

ವಿದ್ಯಾರ್ಥಿಗಳೇ, ಮಾರ್ಕೋನಿ ಹಡಗಿಗೇರಿಸಿದ ಆ ಅಲೆಗಳು ಇಂದು ನಮ್ಮ ಕಾಸರಗೋಡಿನ ಕಡಲಿನಲ್ಲೂ ಕೆಲಸ ಮಾಡುತ್ತಿವೆ. 1997ರಿಂದ ಕೋಝಿಕ್ಕೋಡು, ಕಣ್ಣೂರು, ಕಾಸರಗೋಡು ತೀರಗಳಿಗೆ ಒಂದೊಂದಾಗಿ ಮೊಬೈಲ್ ಫೋನು ಬಂತು. ಅದಕ್ಕೆ ಮೊದಲು, ಒಂದು ತೀರದಲ್ಲಿ ಕೊಳ್ಳುವವರಿಲ್ಲದೆ ಬೂತಾಯಿಯನ್ನು ಕಡಲಿಗೆ ಚೆಲ್ಲುತ್ತಿದ್ದಾಗಲೇ ಹತ್ತಿರದ ಇನ್ನೊಂದು ತೀರದಲ್ಲಿ ಮೀನಿಲ್ಲದೆ ಗಿರಾಕಿಗಳು ಹಿಂದಿರುಗುತ್ತಿದ್ದರು. ದೋಣಿಯಿಂದಲೇ ಬೆಲೆ ವಿಚಾರಿಸುವಂತಾದ ಮೇಲೆ ಈ ನಷ್ಟ ಹೆಚ್ಚುಕಡಿಮೆ ನಿಂತುಹೋಯಿತೆಂದು ರಾಬರ್ಟ್ ಜೆನ್ಸೆನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುತ್ತದೆ. ಬೆಸ್ತರ ಆದಾಯ ಹೆಚ್ಚಿತು, ಕೊಳ್ಳುವವರಿಗೂ ಬೆಲೆ ತುಸು ಇಳಿಯಿತು.

ಇಂದು ದೋಣಿಯವನ, ಲಾರಿ ಚಾಲಕನ, ಮನೆಮನೆಗೆ ಸಾಮಾನು ತಲಪಿಸುವ ಹುಡುಗನ ಕೈಯಲ್ಲಿರುವ ಫೋನು ಒಂದು ಪುಟ್ಟ ಗಣಕಯಂತ್ರವೇ ಆಗಿದೆ. ಅವರು ಎಲ್ಲಿದ್ದರೂ ಧಣಿಯ ಮಾತು ತಲಪುತ್ತದೆ. ಅವರು ಕಷ್ಟದಲ್ಲಿ ಕೂಗಿದಾಗ ಇತ್ತ ಕಡೆ ಯಾರಾದರೂ ಎಚ್ಚರವಾಗಿರುವರೇ ಎಂಬುದನ್ನು ಯಂತ್ರ ನಿರ್ಧರಿಸದು, ಮನುಷ್ಯರು ನಿರ್ಧರಿಸಬೇಕು. ಯಂತ್ರ ಕಟ್ಟುವವರೂ ನೌಕರರನ್ನಿಟ್ಟು ದುಡಿಸುವವರೂ ನಾಳೆ ನಿಮ್ಮೊಳಗಿಂದಲೇ ಬರಲಿದ್ದಾರೆ. ಅವರು ಮಾರ್ಕೋನಿಯ ಛಲವನ್ನು ಕಲಿಯಲಿ. ಮಂಜಿನ ನಡುವೆ ಕುಳಿತ ಬಿನ್ಸನ ಕರ್ತವ್ಯನಿಷ್ಠೆಯನ್ನೂ ಕಲಿಯಲಿ.